ಬೆವರ್ಲಿಯಲ್ಲಿ ಒಂದು ಎಂಜಿನ್ನಿಗೆ ಮಸಿ ಹಚ್ಚಿದ್ದು

ಮೈಲೂರ

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಲಂಡನ್ ಸುದ್ದಿ. ನಾನು ಲಂಡನ್ ನೋಡಲಿಲ್ಲ. ನಾನು ನೋಡಿದ್ದು ಬೆವರ್ಲಿ ಎಂಬ ಊರಿನ ಒಂದು ಮನೆ, ಆ ಮನೆಯ ಹಿಂದಿನ ಕೋಣೆ, ಆ ಕೋಣೆಯ ಮೇಜಿನ ಮೇಲಿದ್ದ ಅಂಗೈಯಷ್ಟು ಉದ್ದದ ಕರೀ ಎಂಜಿನ್. ಅದಕ್ಕೆ ಮಸಿ ಹಚ್ಚುವುದಕ್ಕಾಗಿ ನಾನು ಬೀದರದಿಂದ ಅಲ್ಲಿಯವರೆಗೆ ಹೋಗಿದ್ದೆ. ಜೊತೆಗೆ ನನ್ನ ಅತ್ತೆಯೂ ಇದ್ದರು.

ನಾನು ಹಲ್ಲಿನ ಡಾಕ್ಟರು. ಬೀದರದ ಕಾಳುಕಡಿಯ ಮಾರುಕಟ್ಟೆ ಗಾಂಧಿ ಗಂಜಿನ ಎದುರಿಗೆ ಮಹಡಿ ಮೇಲೆ ನನ್ನ ದವಾಖಾನೆ. ರೋಗಿಗಳಿಲ್ಲದ ಹೊತ್ತಿನಲ್ಲಿ ಕಿಟಕಿಗೆ ಬಂದು ನಿಂತರೆ ತೊಗರಿ, ಉದ್ದು, ಕಡಲೆಯ ಚೀಲ ಹೊತ್ತ ಹಮಾಲರು, ತಳ್ಳುಗಾಡಿಗಳು, ಹಿಂದಕ್ಕೆ ಬರುವ ಲಾರಿಗಳು, ಅವುಗಳ ಮೇಲೆಲ್ಲ ಕುಳಿತ ಕೆಂಪು ಧೂಳು ಕಾಣುತ್ತದೆ. ಮಗಳು ಚಿಕ್ಕವಳಿದ್ದಾಗ ತಂದುಕೊಟ್ಟ ಆಟಿಕೆ ರೈಲು ಅವಳಿಗೆ ಬೇಗ ಬೇಸರ ತಂದಿತು, ನನಗೆ ತರಲಿಲ್ಲ. ಕಿಟಕಿಯಿಂದ ಕಂಡದ್ದನ್ನೇ ಎರಡು ಹಲಗೆಯ ಮೇಲೆ ಸಣ್ಣದಾಗಿ ಕಟ್ಟಿದೆ. ನಿಜವಾದ ಗಂಜಿನೊಳಗೆ ರೈಲು ಹಳಿ ಇಲ್ಲ. ನನ್ನ ಹಲಗೆಯ ಗಂಜಿಗೆ ಮೂರು ಕವಲಿನ ಹಳಿ ಬಂದಿದೆ. ಪುಟ್ಟ ಉಗಿ ಎಂಜಿನ್ ಹಿಂದೆ ಮುಂದೆ ಓಡಾಡಿ, ಕಲಸಿಹೋದ ವ್ಯಾಗನುಗಳನ್ನು ಹೇಳಿದ ಕ್ರಮದಲ್ಲಿ ಜೋಡಿಸಬೇಕು. ಶಂಟಿಂಗ್ ಅನ್ನುವುದು ಇದಕ್ಕೇ. ಆಟ ಸುಲಭ ಅನ್ನಿಸುತ್ತದೆ. ಕೂತರೆ ಊಟ ಮರೆತುಹೋಗುತ್ತದೆ.

ಆದರೆ ಅಂಗಡಿಯಿಂದ ಬಂದ ಮಾದರಿ ಎಂಜಿನ್ ಮದುವಣಗಿತ್ತಿಯಂತೆ ಫಳಫಳ ಹೊಳೆಯುತ್ತದೆ. ನಿಜವಾದ ಎಂಜಿನ್ ಯಾವಾಗ ಹಾಗಿತ್ತು? ಅದಕ್ಕೇ ಮಸಿ, ಎಣ್ಣೆಯ ಜಿಡ್ಡು, ತುಕ್ಕು, ಧೂಳು ಇವನ್ನೆಲ್ಲ ಸಣ್ಣ ಕುಂಚದಿಂದ ಒಂದೊಂದಾಗಿ ಹಚ್ಚಿ, ಅದು ವರ್ಷಗಟ್ಟಲೆ ದುಡಿದು ದಣಿದಂತೆ ಕಾಣಿಸಬೇಕು. ಎಲೆ, ಅಡಿಕೆ, ತಂಬಾಕು, ಚಹಾ ಯಾವ ಕಲೆ ಎಲ್ಲಿ ಕೂರುತ್ತದೆ, ಯಾವುದು ಅಂಚಿನಲ್ಲಿ ಕಪ್ಪಾಗುತ್ತದೆ ಎಂದು ದಿನವಿಡೀ ಬೀದರದ ಜನರ ಬಾಯೊಳಗೆ ನೋಡುವ ನನಗೆ ಈ ಕೆಲಸ ಹೊಸದೆನಿಸಲಿಲ್ಲ.

ಇಂಥ ಹುಚ್ಚಿನವರ ಒಂದು ಗುಂಪು ಮೊಬೈಲಿನಲ್ಲಿದೆ. ಅಲ್ಲಿ ಪರಿಚಯವಾದವರು ಡೆನ್ನಿಸ್. ವಯಸ್ಸಾದವರು, ಒಬ್ಬರೇ ಇರುವವರು, ಮೊದಲು ಮನೆಮನೆಗೆ ಹೋಗಿ ಪಿಯಾನೊಗಳ ಶ್ರುತಿ ಸರಿಮಾಡುತ್ತಿದ್ದವರು. ಅವರೊಮ್ಮೆ ಬರೆದರು: "ಶರತ್ಕಾಲದಲ್ಲಿ ನಮ್ಮೂರಿನಲ್ಲಿ ಮಾದರಿ ರೈಲುಗಳ ಪ್ರದರ್ಶನ ಇದೆ. ನಿಮ್ಮ ಗಂಜನ್ನು ತೆಗೆದುಕೊಂಡು ಬನ್ನಿ. ನನ್ನ ಹತ್ತಿರ ಒಂದು ಎಂಜಿನ್ ಇದೆ. ಅದಕ್ಕೆ ಬಣ್ಣ ಹಚ್ಚಲು ನನ್ನ ಕೈ ಈಗ ಒಪ್ಪುವುದಿಲ್ಲ, ನಡುಗುತ್ತದೆ. ನೀವು ಹಚ್ಚಿಕೊಡಬಹುದೆ?"

ನನ್ನ ಗಂಡ ಪ್ರಕಾಶನಿಗೆ ಬಸ್ಸಿನಲ್ಲಿ ಕೂತರೇ ವಾಂತಿ. ವಿಮಾನದ ಮಾತೆತ್ತಿದ ಕೂಡಲೇ ನಿಂಬೆಹಣ್ಣು ಹುಡುಕಿದ. ನಮ್ಮತ್ತೆ ಕಮಲಾಬಾಯಿ ಆಗ ತಮ್ಮ ಹಳ್ಳಿ ಎಕಂಬಾದ ಹೊಲದ ಕೆಲಸ ಮುಗಿಸಿ ಬೀದರದ ಮೈಲೂರಿನ ನಮ್ಮ ಮನೆಗೆ ಬಂದಿದ್ದರು.

"ಒಬ್ಬಾಕೀನೇ ಹ್ಯಾಂಗ ಹೋಗ್ತಿ? ನಾ ಬರ್ತೇನಿ," ಅಂದರು.

"ಅಲ್ಲಿ ಥಂಡಿ ಭಾಳ ಇರ್ತದರಿ ಅತ್ತಿ."

"ಥಂಡಿ ನಮ್ಮ ಎಕಂಬಾದಾಗ ಇಲ್ಲೇನು? ಔರಾದ ಕಡಿ ಗಾಳಿ ಬೀಸಿದ್ರ ನಿಮ್ಮ ಬೀದರದವರು ಎರಡ ದಿನ ನಿಲ್ಲಂಗಿಲ್ಲ."

ಅಲ್ಲಿಗೆ ತೀರ್ಮಾನವಾಯಿತು. ಖಡಕ್ ರೊಟ್ಟಿ, ಕುಸುಬಿ ಹಿಂಡಿ, ಶೇಂಗಾ ಹಿಂಡಿ ಕಟ್ಟಿಕೊಂಡೆವು. ಹಲಗೆಗಳನ್ನು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿದೆ. ಮಸಿ ಹಚ್ಚುವ ಸಾಮಾನಿನ ಜೊತೆ ಎರಡು ಸಣ್ಣ ಬಾಟಲಿಗಳಲ್ಲಿ ಬೀದರದ ಕೆಂಪು ಮಣ್ಣು, ಭಾಲ್ಕಿ ಕಡೆಯ ಕರಿ ಮಣ್ಣು ಜರಡಿ ಹಿಡಿದು ತುಂಬಿದೆ.

ವಿಮಾನ ನಿಲ್ದಾಣ

ಇಂಗ್ಲೆಂಡಿನಲ್ಲಿ ಇಳಿದ ಕೂಡಲೇ ನಾನು ಮಾಡಿದ ಕೆಲಸವೆಂದರೆ ನಿಜ ಹೇಳಿದ್ದು. ತಪಾಸಣೆಯ ಹೆಂಗಸು ಬಾಟಲಿ ಎತ್ತಿ "ಇದೇನು?" ಎಂದಳು. ಬಣ್ಣದ ಪುಡಿ ಅನ್ನಬಹುದಿತ್ತು. "ಮಣ್ಣು," ಅಂದೆ. ಆಕೆಯ ಮುಖದ ಮೇಲಿನ ನಗು ಹಾಗೆಯೇ ಇತ್ತು, ಆದರೆ ಕೈಗೆ ಗ್ಲೌಸ್ ಬಂತು. ಬೇರೆ ದೇಶದ ಮಣ್ಣು ಒಳಗೆ ಬರುವಂತಿಲ್ಲ, ಅದರಲ್ಲಿ ಏನೇನು ಹುಳ ಬೀಜ ಇರುತ್ತವೋ ಎಂದು ತಿಳಿಸಿ ಹೇಳಿದಳು.

"ಏನಂತಾಳ?" ಅತ್ತೆ ಕೇಳಿದರು.

"ನಮ್ಮ ಮಣ್ಣ ಒಳಗ ಬಿಡಂಗಿಲ್ಲ ಅಂತಾಳರಿ."

"ಮತ್ತ ನಮ್ಮ ಚಪ್ಪಲಿಗಿ ಹತ್ತಿದ್ದು?"

ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಆಕೆ ರೊಟ್ಟಿಯ ಗಂಟು ಬಿಚ್ಚಿಸಿ ನೋಡಿದಳು, ಒಂದನ್ನು ಬೆರಳಿನಿಂದ ತಟ್ಟಿದಳು. ಹಲಗೆಯಂತೆ ಟಕಟಕ ಸದ್ದು ಬಂತು. ತಿನ್ನುವ ವಸ್ತುವೇ ಎಂದು ಖಾತ್ರಿ ಮಾಡಿಕೊಂಡು ಬಿಟ್ಟಳು. ಮಣ್ಣಿನ ಬಾಟಲಿಗಳು ಅಲ್ಲಿಯೇ ಉಳಿದವು. ಗಂಜಿನ ಧೂಳಿಲ್ಲದೆ ಗಂಜಿನ ಹಲಗೆ ತೋರಿಸುವುದು ಹೇಗೆ ಎಂಬ ಚಿಂತೆಯಲ್ಲಿ ರೈಲು ಹತ್ತಿದೆ. ಸಮಾಧಾನವೆಂದರೆ ಎಂಜಿನ್ನಿಗೆ ಬೇಕಾದ ಧೂಳನ್ನು ಊರಿನಲ್ಲೇ ಹಚ್ಚಿ ಮುಗಿಸಿದ್ದೆ.

ಬೆವರ್ಲಿ, ಮೊದಲ ಬೆಳಿಗ್ಗೆ

ಬೆವರ್ಲಿ ಯಾರ್ಕ್‌ಷೈರ್ ಸೀಮೆಯ ಕೆಂಪು ಇಟ್ಟಿಗೆಯ ಊರು. ಹಂಚೂ ಕೆಂಪು. ಸ್ಟೇಷನ್ನಿಗೆ ಬಂದಿದ್ದ ಡೆನ್ನಿಸ್ ಎತ್ತರದ, ತುಸು ಬಾಗಿದ ಮನುಷ್ಯ. ಕೈ ನಡುಗುವುದು ಕಾಣದಿರಲೆಂದು ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಸೂಟ್‌ಕೇಸ್ ತೆಗೆದುಕೊಳ್ಳಲು ಹೊರಗೆ ತೆಗೆದಾಗ ಕಂಡಿತು. ಅತ್ತೆ ಕೈ ಮುಗಿದರು. ಅವರೂ ಮುಗಿದರು. ಮನೆ ತಲುಪುವುದರೊಳಗೆ ಅವರು ಅತ್ತೆಯ ಬಾಯಲ್ಲಿ "ದೇನಸಣ್ಣ" ಆಗಿದ್ದರು.

ಮರುದಿನ ಬೆಳಿಗ್ಗೆ ನಾನು ಎದ್ದು ಹಿಂದಿನ ಕೋಣೆಗೆ ಬಂದಾಗ ಅತ್ತೆ ಕಿಟಕಿಯ ಬಳಿ ಕೂತು ಏನನ್ನೋ ಒರೆಸುತ್ತಿದ್ದರು. ಹತ್ತಿರ ಹೋದೆ. ನನ್ನ ಎಂಜಿನ್! ತಿಂಗಳುಗಟ್ಟಲೆ ರಾತ್ರಿ ಊಟದ ಮೇಲೆ ಕೂತು ಹಚ್ಚಿದ ಮಸಿ, ಗಂಜಿನ ಧೂಳು ಎಲ್ಲ ಒದ್ದೆ ಬಟ್ಟೆಗೆ ಬಂದಿತ್ತು. ಎಂಜಿನ್ ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು.

"ಅತ್ತಿ! ಏನ ಮಾಡೀರಿ?"

"ಸಾಫ್ ಮಾಡೀನಿ. ಪರರ ಮನಿಗಿ ಬಂದೀವಿ, ಇಷ್ಟ ಹೊಲಸ ಸಾಮಾನ ಮೇಜಿನ ಮ್ಯಾಲ ಇಡ್ತಾರೇನು? ಏನ ಅಂದಕೋತಾರ ನಮಗ?"

"ಅದು ಹೊಲಸ ಅಲ್ಲರಿ, ನಾ ಹಚ್ಚಿದ್ದು!"

ಅತ್ತೆ ಬಟ್ಟೆ ನೋಡಿದರು, ನನ್ನ ಮುಖ ನೋಡಿದರು. "ಹೊಸಾ ಸಾಮಾನಿಗಿ ಹೊಲಸ ಹಚ್ಚಲಕ್ಕ ಇಷ್ಟ ದೂರ ಬಂದೀವಿ?" ಎಂದರು. ಅವರ ಬೇಸರಕ್ಕೂ ಕಾರಣ ಇತ್ತು. ಅವರು ಹುಟ್ಟಿ ಬೆಳೆದದ್ದು ಭಾಲ್ಕಿ ಸ್ಟೇಷನ್ನಿನ ಹತ್ತಿರ. ತೊಳೆದು ಒಣಹಾಕಿದ ಬಟ್ಟೆಯ ಮೇಲೆ ಎಂಜಿನ್ನಿನ ಮಸಿ ಬಿದ್ದು ಮತ್ತೆ ತೊಳೆಯಬೇಕಾಗಿ ಬಂದಾಗಲೆಲ್ಲ ಅವರ ತಾಯಿ ರೈಲಿಗೆ ಶಾಪ ಹಾಕುತ್ತಿದ್ದರಂತೆ. ಮಸಿಯನ್ನು ಯಾರಾದರೂ ಬೇಕೆಂದು ಹಚ್ಚುತ್ತಾರೆ ಎಂಬುದನ್ನು ಆ ಮನೆಯ ಮಗಳು ಹೇಗೆ ನಂಬಬೇಕು?

ನಮ್ಮ ಗದ್ದಲ ಕೇಳಿ ಡೆನ್ನಿಸ್ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ನಡೆದದ್ದು ಹೇಳಿದೆ. ನಕ್ಕರು; ಚಹಾ ತುಳುಕುವಷ್ಟು ನಕ್ಕರು. ಆಮೇಲೆ ನನ್ನ ಎಂಜಿನ್ ಎತ್ತಿ ಕಣ್ಣಿನ ಹತ್ತಿರ ಹಿಡಿದು ಕೇಳಿದರು: "ಅಂದರೆ ಒರೆಸಿದರೆ ಹೋಗುತ್ತದೆ? ಪೂರ್ತಿ ಮೊದಲಿನಂತೆ ಆಗುತ್ತದೆ?"

"ಮೇಲೆ ವಾರ್ನಿಷ್ ಹೊಡೆಯುವವರೆಗೆ ಹೋಗುತ್ತದೆ," ಅಂದೆ.

ಅವರು ಏನೋ ಯೋಚಿಸುತ್ತ ಹೋದರು.

ಆ ಬೀದಿಯ ಒಂದು ಪದ್ಧತಿ ಅತ್ತೆಯ ನಿದ್ದೆ ಕೆಡಿಸಿತು. ಪಕ್ಕದ ಮನೆಯವರು ತಮ್ಮ ಗಿಡದ ಸೇಬುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಗೇಟಿನ ಹೊರಗೆ ಇಟ್ಟಿದ್ದರು. "ಬೇಕಾದಷ್ಟು ತೆಗೆದುಕೊಳ್ಳಿ" ಎಂದು ಚೀಟಿ. ಕಾಯಲು ಯಾರೂ ಇಲ್ಲ, ಕೊಡುವವರ ಮುಖವೂ ಕಾಣುವುದಿಲ್ಲ. ನಮ್ಮಲ್ಲಿ ಕೊಡುವವರು ಮನೆಯೊಳಗೆ ಬಂದು, ಕೂತು, ಚಹಾ ಕುಡಿದು, ನಿಮ್ಮ ಮಗಳ ಮದುವೆ ಯಾವಾಗ ಎಂದು ಕೇಳಿ ಕೊಟ್ಟುಹೋಗುತ್ತಾರೆ. ಅತ್ತೆ ಕೆಲವು ಸೇಬು ತೆಗೆದುಕೊಂಡರು. ಏನೂ ಕೊಡದೆ ತರಲು ಮನಸ್ಸಾಗದೆ ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿ, ಒಂದು ಪುಡಿಕೆ ಶೇಂಗಾ ಹಿಂಡಿ ಇಟ್ಟು ಬಂದರು. ಯಾರೋ ಕಸವೆಂದು ಎಸೆದಾರು ಎಂದು ನನಗೆ ಅಳುಕು. ಮರುದಿನ ರೊಟ್ಟಿ ಇರಲಿಲ್ಲ. ಅಲ್ಲಿ ಒಂದು ಶೀಸೆ ಜಾಮ್ ಇತ್ತು, ಮುಚ್ಚಳದ ಮೇಲೆ "ಸೀರೆಯುಟ್ಟ ಹಿರಿಯರಿಗೆ" ಎಂದು ಬರೆದಿತ್ತು.

ಅದೇ ದಿನ ಡೆನ್ನಿಸ್ ಹಿತ್ತಲಿನಿಂದ ಒಡೆದ ಹೂಕುಂಡ ತಂದುಕೊಟ್ಟರು. ಅದರ ಬಣ್ಣ ಸರಿಯಾಗಿ ನಮ್ಮ ಮೈಲೂರಿನ ರಸ್ತೆಯ ಬಣ್ಣ! ಮಸಿಯ ಮೇಲೆ ಎಷ್ಟು ಸಿಟ್ಟಿದ್ದರೂ ಕುಟ್ಟುವ ಕೆಲಸ ಎಂದಕೂಡಲೆ ಅತ್ತೆ ಸೆರಗು ಸಿಕ್ಕಿಸಿ ಕೂತರು. ಕಲ್ಲಿನ ಮೇಲೆ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ರಂಗೋಲಿ ಪುಡಿಗಿಂತ ಸಣ್ಣಗೆ ಮಾಡಿಕೊಟ್ಟರು. ಗಾಂಧಿ ಗಂಜಿಗೂ ನನ್ನ ತೊಳೆದ ಎಂಜಿನ್ನಿಗೂ ಯಾರ್ಕ್‌ಷೈರಿನ ಧೂಳು ಬಿತ್ತು. ನಾನು ಹೇಳದೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಕಪಾಟು

ಸಂಜೆ ಡೆನ್ನಿಸ್ ಹಜಾರದ ಗಾಜಿನ ಕಪಾಟು ತೆರೆದು ತಮ್ಮ ಎಂಜಿನ್ ತಂದು ಮೇಜಿನ ಮೇಲಿಟ್ಟರು. ಆರು ಗಾಲಿಯ ಶಂಟಿಂಗ್ ಎಂಜಿನ್. ಕೆಂಪು ಬಫರ್, ಉಗಿ ಬಿಡುವ ಹಿತ್ತಾಳೆಯ ಸಣ್ಣ ಕವಾಟ, ಕಾಡಿಗೆಯಂಥ ಕಪ್ಪು. ಗಾಲಿಗಳ ಮೇಲೆ ಹಳಿಯ ಗುರುತು ಒಂದೂ ಇರಲಿಲ್ಲ.

"ನಾನು ಕೆಲಸ ಬಿಟ್ಟ ದಿನ ಮಾರ್ಗರೆಟ್ ಕೊಟ್ಟಳು," ಎಂದರು. ಮಾರ್ಗರೆಟ್ ಅವರ ಹೆಂಡತಿ. "ಮರುವರ್ಷ ಅವಳು ಹೋದಳು. ಇದನ್ನು ಹಳಿಗೆ ಇಳಿಸಲೇ ಇಲ್ಲ. ಹೊಸದಾಗಿ ಇರುವವರೆಗೂ ಅವಳು ಈಗಷ್ಟೇ ಕೊಟ್ಟಂತೆ ಇರುತ್ತದೆ, ಅಲ್ಲವೆ?"

ಅವರು ಒಂದು ಗಾಲಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದರು.

"ಆದರೆ ಅವಳು ಕೊಟ್ಟದ್ದು ಕಪಾಟಿಗಲ್ಲ. ಕೈ ಇನ್ನೂ ಕೆಡುವ ಮೊದಲು ಒಮ್ಮೆ ಓಡಿಸಬೇಕು. ನಾನು ಚಿಕ್ಕವನಿದ್ದಾಗ ಪಕ್ಕದ ಹಲ್ ಎಂಬ ಊರಿನ ಸೇತುವೆ ಮೇಲೆ ನಿಂತು ನೋಡುತ್ತಿದ್ದೆನಲ್ಲ, ಅಂಥ ಎಂಜಿನ್ ಆಗಬೇಕು ಇದು. ಆದರೆ ಕೆಟ್ಟುಹೋದೀತೆಂದು ಇಷ್ಟು ದಿನ ಭಯ. ನಿಮ್ಮ ಅತ್ತೆ ನಿಮ್ಮ ಎಂಜಿನ್ ಒರೆಸಿದ್ದು ನೋಡಿ ಧೈರ್ಯ ಬಂತು."

ನನಗೆ ಮಾತ್ರ ಇದ್ದ ಧೈರ್ಯವೂ ಆ ಮಾತಿಗೆ ಅರ್ಧವಾಯಿತು. ಮೊದಲು ತೆಳು ಕಂದು ಬಣ್ಣ ಸವರಿ ಒರೆಸಿದೆ. ಸಂದಿಗಳಲ್ಲಿ ಮಾತ್ರ ಉಳಿಯಿತು. ಹೊಗೆಕೊಳವೆಯ ಸುತ್ತ ಮಸಿ, ಗಾಲಿಯ ಸರಳುಗಳ ಮೇಲೆ ಎಣ್ಣೆಯ ಜಿಡ್ಡು, ಡ್ರೈವರ್ ಹತ್ತುವ ಮೆಟ್ಟಿಲ ಅಂಚಿನಲ್ಲಿ ಬೂಟಿನಿಂದ ಸವೆದ ಲೋಹದ ಹೊಳಪು. ಡೆನ್ನಿಸ್ ಪಕ್ಕದಲ್ಲೇ ಕೂತು ನೋಡಿದರು. ಒಂದೆರಡು ಸಲ "ಹೌದು, ಹಾಗೆಯೇ" ಎಂದರು. ಎರಡನೆಯ ದಿನ ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಹಚ್ಚಿದ್ದು ನಿಲ್ಲಬೇಕಾದರೆ ಮೇಲೆ ಹೊಳಪಿಲ್ಲದ ವಾರ್ನಿಷ್ ಹೊಡೆಯಬೇಕು. ಅದರ ವಾಸನೆ ಮನೆಯೊಳಗೆ ಬೇಡವೆಂದು ಹಿತ್ತಲಿನ ಶೆಡ್ಡಿಗೆ ಒಯ್ದು ಹೊಡೆದೆ. ಹೊರಗೆ ಸಣ್ಣ ಮಂಜು ಬೀಳುತ್ತಿತ್ತು. ಬೀದರದ ಒಣಗಾಳಿಯಲ್ಲಿ ಎಷ್ಟು ಸಲ ಮಾಡಿದ ಕೆಲಸ; ಮಂಜಿನ ಬಗ್ಗೆ ಯೋಚನೆಯೇ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಹೋಗಿ ನೋಡಿದರೆ ಎಂಜಿನ್ ಬೆಳ್ಳಗಾಗಿತ್ತು. ಹಿಟ್ಟಿನ ಡಬ್ಬಿಯಲ್ಲಿ ಬಿದ್ದು ಎದ್ದಂತೆ. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಗಾಳಿಯ ತೇವ ವಾರ್ನಿಷ್ಷಿನೊಳಗೆ ಸಿಕ್ಕಿಕೊಂಡಿತ್ತು. ಹಿಂದೆ ತಿರುಗಿದರೆ ಶೆಡ್ಡಿನ ಬಾಗಿಲಲ್ಲಿ ಡೆನ್ನಿಸ್ ನಿಂತಿದ್ದರು.

"ಓ," ಎಂದರು. ಅಷ್ಟೇ. ನಾನು ಕ್ಷಮೆ ಕೇಳತೊಡಗಿದೆ. ಅವರು ಪರವಾಗಿಲ್ಲ ಎಂಬಂತೆ ಕೈ ಎತ್ತಿ, ಕೋಟು ಹಾಕಿಕೊಂಡು, ಮುಂಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಕಡೆ ಇಂಥದ್ದು ನಡೆದಿದ್ದರೆ ಓಣಿಯವರೆಲ್ಲ ಸೇರಿ ಒಂದು ಜಗಳವಾದರೂ ಆಗಿ, ಅರ್ಧ ಭಾರ ಇಳಿಯುತ್ತಿತ್ತು.

"ದೇನಸಣ್ಣ ಮಫ್ಲರ್ ಬಿಟ್ಟೇ ಹೋದ್ರಲ್ಲ," ಎನ್ನುತ್ತ ಅತ್ತೆ ಗೂಟದಿಂದ ಅದನ್ನು ತೆಗೆದುಕೊಂಡು, ಕಾಲುಚೀಲದ ಮೇಲೆ ಚಪ್ಪಲಿ ಸಿಕ್ಕಿಸಿ ಹಿಂದೆಯೇ ಹೊರಟರು.

ವೆಸ್ಟ್‌ವುಡ್

ಊರಿನ ಅಂಚಿಗೆ ವೆಸ್ಟ್‌ವುಡ್ ಎಂಬ ದೊಡ್ಡ ಹುಲ್ಲುಗಾವಲಿದೆ. ಅಲ್ಲಿ ದನಗಳು ಯಾರ ಹಂಗೂ ಇಲ್ಲದೆ ಮೇಯುತ್ತವೆ, ಮನಸ್ಸು ಬಂದರೆ ರಸ್ತೆಯ ಮೇಲೂ ಬಂದು ನಿಲ್ಲುತ್ತವೆ, ಕಾರುಗಳು ಕಾಯುತ್ತವೆ. ಬಂದ ದಿನ ಅತ್ತೆ ಇದನ್ನು ನೋಡಿ "ಹಿಂಗಾದ್ರ ನಮ್ಮ ಬೀದರ ಏನ ಕಮ್ಮಿ?" ಎಂದು ಖುಷಿಪಟ್ಟಿದ್ದರು. ಅವರು ದಾರಿ ತಪ್ಪಿಯಾರು ಎಂದು ನಾನು ಹಿಂದಿನಿಂದ ಓಡಿದೆ. ಇಬ್ಬರೂ ಅಲ್ಲೇ ಒಂದು ಬೆಂಚಿನ ಮೇಲೆ ಕೂತಿದ್ದರು. ಮಫ್ಲರ್ ಡೆನ್ನಿಸ್ ಕೊರಳಲ್ಲಿತ್ತು. ಮುಂದೆ ಒಂದು ಕೆಂಪು ಹಸು ನಿಂತು ಇಬ್ಬರನ್ನೂ ನೋಡುತ್ತಿತ್ತು. ಅತ್ತೆ ಮಾತಾಡುತ್ತಿದ್ದರು, ಕನ್ನಡದಲ್ಲಿ.

"ನಮ್ಮನಿಯವರು ಹೋದ ಮ್ಯಾಲ ಅವರ ಸೈಕಲ್ ನಾ ಯಾರಿಗೂ ಮುಟ್ಟಗೊಡಲಿಲ್ಲರಿ ಅಣ್ಣ. ದಿನಾ ಒರಸ್ತಿದ್ದೆ. ಮೂಲ್ಯಾಗ ನಿಂತ ನಿಂತ ಟೈರ್ ಬಿರತು ಹೋದ್ವು, ಚೈನ್ ಜಂಗ ಹಿಡೀತು. ಒರಸಿದ್ರೂ ಹಿಡೀತು. ಆಮ್ಯಾಲ ನಮ್ಮ ಬಾಜು ಮನಿಯವಂಗ ಕೊಟ್ಟೆ. ಈಗ ಔರಾದಕ್ಕ ದಿನಾ ಹಾಲ ಒಯ್ತದ ಆ ಸೈಕಲ್. ಗಂಟಿ ಸಪ್ಪಳ ಕೇಳಿದ್ರ, ಇವರೇ ಬಂದ್ರೇನೋ ಅನಸ್ತದ ಒಮ್ಮೊಮ್ಮೆ."

ಡೆನ್ನಿಸ್ ತಲೆಯಾಡಿಸಿದರು. ಆಮೇಲೆ ಅವರು ಇಂಗ್ಲಿಷಿನಲ್ಲಿ ಶುರುಮಾಡಿದರು: ಮಾರ್ಗರೆಟ್‌ಗೆ ಪಿಯಾನೊ ನುಡಿಸಲು ಬರುತ್ತಿರಲಿಲ್ಲ, ಆದರೂ ತಾವು ಶ್ರುತಿ ಮಾಡಿ ಮುಗಿಸಿದ ಮೇಲೆ ಒಂದೇ ಒಂದು ಕೀ ಒತ್ತಿ "ಸರಿಯಾಗಿದೆ" ಎನ್ನುತ್ತಿದ್ದಳು, ಎಂದರು. ಅತ್ತೆ "ಹೌದರಿ, ಹೌದರಿ" ಎಂದರು. ನಾನು ನಡುವೆ ಬಾಯಿ ಹಾಕಲಿಲ್ಲ. ಹಸುವೇ ಬೇಸತ್ತು ಹೋಯಿತು.

ಕೊನೆಗೆ ಡೆನ್ನಿಸ್ ನನ್ನನ್ನು ನೋಡಿ, "ಅವರು ಏನು ಹೇಳಿದರು?" ಎಂದು ಕೇಳಿದರು. ಸೈಕಲ್ಲಿನ ಕಥೆ ಹೇಳಿದೆ. ಕೇಳಿ ಮುಗಿಸಿ, "ನಾನು ಹಸುವಿನ ಬಗ್ಗೆ ಅಂದುಕೊಂಡಿದ್ದೆ," ಎಂದರು. ಮೂವರೂ ನಕ್ಕೆವು. ಏಳುವಾಗ ಕೇಳಿದರು: "ಆ ಎಂಜಿನ್ನನ್ನು ಉಳಿಸಬಹುದೆ?"

"ಗೊತ್ತಿಲ್ಲ," ಅಂದೆ. "ಮೊದಲು ಹೊಟ್ಟೆಯ ಕೆಳಗೆ, ಕಾಣದ ಜಾಗದಲ್ಲಿ ಪ್ರಯತ್ನ ಮಾಡುತ್ತೇನೆ. ಅಲ್ಲಿ ಆಗದಿದ್ದರೆ ಮೇಲೆ ಮುಟ್ಟುವುದಿಲ್ಲ."

ಕೆಟಲಿನ ಒಳಗೆ

ಮನೆಗೆ ಬಂದು ಅಡುಗೆಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಹೀಟರ್ ಹಚ್ಚಿ, ಕೋಣೆಯನ್ನು ನಮ್ಮ ಏಪ್ರಿಲ್ ತಿಂಗಳಿಗೆ ತಂದೆ. ವಾರ್ನಿಷ್ಷನ್ನು ತೆಳು ಮಾಡಿ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿ, ಸಣ್ಣ ಕುಂಚದಿಂದ ಎಂಜಿನ್ನಿನ ತಳಕ್ಕೆ ಒಂದು ಚುಕ್ಕೆ ಮುಟ್ಟಿಸಿದೆ. ಬಿಳುಪು ಕರಗಿತು! ಕೆಳಗಿದ್ದ ಮಸಿ, ಜಿಡ್ಡು ಇದ್ದ ಹಾಗೆಯೇ ಮೇಲೆ ಬಂತು. ನನ್ನ ಕಣ್ಣಲ್ಲಿ ನೀರು ಬಂದದ್ದು ಹೀಟರಿನ ಬಿಸಿಗೆ ಎಂದು ಅತ್ತೆಗೆ ಹೇಳಿದೆ.

ಇನ್ನು ಮೇಲಿನ ಭಾಗಕ್ಕೆ ಕೈ ಹಚ್ಚುವ ಮೊದಲು ಒಂದು ಕಪ್ ಚಹಾ ಎಂದು ಕೆಟಲಿನ ಮುಚ್ಚಳ ತೆಗೆದೆ. ಒಳಗೆಲ್ಲ ಬಿಳಿ ಪದರ, ಅಂಚಿನಲ್ಲಿ ದಪ್ಪಗೆ, ಕೆಳಗೆ ಗೆರೆಗೆರೆಯಾಗಿ. ಆ ಊರಿನದು ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರು. ನಾನು ನಿಂತಲ್ಲೇ ನಿಂತೆ. ಇಂಥದ್ದನ್ನೇ ಅಲ್ಲವೆ ನಾನು ದಿನಾ ಕೆರೆಯುವುದು? ಕೆಳಗಿನ ಮುಂದಿನ ಹಲ್ಲುಗಳ ಹಿಂದೆ, ಜೊಲ್ಲು ಒಸರುವ ಜಾಗದಲ್ಲಿ ಕೂರುವ ಕಿಟ್ಟ. ನೀರು ಒಸರಿ ಆರಿದಲ್ಲೆಲ್ಲ ಬಿಳುಪು ಉಳಿಯುತ್ತದೆ, ಬಾಯಲ್ಲಾದರೂ, ಕೆಟಲಿನಲ್ಲಾದರೂ. ಹಾಗಿದ್ದರೆ ದಿನವಿಡೀ ನೀರು ಕುದಿಸುವ ಎಂಜಿನ್ನಿನಲ್ಲಿ?

ಓಡಿಹೋಗಿ ಕೇಳಿದೆ: "ಡೆನ್ನಿಸ್, ನೀವು ಚಿಕ್ಕಂದಿನಲ್ಲಿ ನೋಡಿದ ಎಂಜಿನ್ನುಗಳ ಮೈಮೇಲೆ ಬಿಳಿ ಗೆರೆ ಇರುತ್ತಿದ್ದವೆ?"

ಅವರು ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಇದ್ದವು. ಮೇಲಿನ ಕವಾಟದಿಂದ ಕೆಳಗೆ ಇಳಿದಿರುತ್ತಿದ್ದವು. ಪಕ್ಕದಲ್ಲಿ, ಬಾಯ್ಲರ್ ತೊಳೆಯುವ ಮುಚ್ಚಳಗಳ ಕೆಳಗೂ ಇರುತ್ತಿದ್ದವು. ಅಯ್ಯೊ, ನಾನು ಅದನ್ನು ಮರೆತೇ ಬಿಟ್ಟಿದ್ದೆ!"

ಆ ಸಂಜೆ ನಾನು ಬಿಳುಪನ್ನು ಪೂರ್ತಿ ಕಳೆಯಲಿಲ್ಲ. ಬೆಚ್ಚನೆಯ ವಾರ್ನಿಷ್ಷನ್ನು ಕೂದಲೆಳೆಯಂಥ ಕುಂಚದಿಂದ ಸವರುತ್ತ, ಅವರು ಬೆರಳಿಟ್ಟು ತೋರಿಸಿದ ಕಡೆ ಮಾತ್ರ ತೆಳುವಾದ ಗೆರೆಗಳನ್ನು ಬಿಟ್ಟೆ. ಕವಾಟದಿಂದ ಇಳಿದ ಒಂದು ಉದ್ದ ಗೆರೆ, ಪಕ್ಕದಲ್ಲಿ ಎರಡು ಮೂರು ಗಿಡ್ಡ ಗೆರೆ. ಮುಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದೆ. ಹಿಂದೆ ನಾನು ಎಷ್ಟೋ ಎಂಜಿನ್ನಿಗೆ ಮಸಿ ಹಚ್ಚಿದ್ದೇನೆ. ಇಷ್ಟು ಚೆನ್ನಾಗಿ ಯಾವುದೂ ಬಂದಿರಲಿಲ್ಲ. ಬೇಕೆಂದೇ ಮಾಡಿದ್ದರೆ ಇದೂ ಬರುತ್ತಿರಲಿಲ್ಲ.

ಡೆನ್ನಿಸ್ ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. "ಇದು ಸೇತುವೆಯ ಕೆಳಗೆ ಹೋಗುತ್ತಿದ್ದ ಎಂಜಿನ್," ಎಂದರು.

ಅತ್ತೆಗೂ ತೋರಿಸಿದೆ. "ಛಲೋ ಆಗ್ಯದ," ಎಂದರು. ಆಮೇಲೆ ಸೇರಿಸಿದರು, "ಆದ್ರ ನಮ್ಮವ್ವ ನೋಡಿದ್ರ ಬೈತಿದ್ಳು."

ಪ್ರದರ್ಶನ

ಚರ್ಚಿನ ಪಕ್ಕದ ಒಂದು ಸಭಾಂಗಣ. ಸಾಲುಸಾಲಾಗಿ ಮೇಜು, ಮೇಜಿನ ಮೇಲೆ ಬೆಟ್ಟ, ಸೇತುವೆ, ಬಂದರು, ಕಲ್ಲಿದ್ದಲಿನ ಗಣಿ. ಇಷ್ಟು ಜನ ಸೇರಿದರೂ ಸದ್ದಿಲ್ಲ. ಒಬ್ಬರ ಹಿಂದೆ ಒಬ್ಬರು ನಿಂತು, ತಮ್ಮ ಸರದಿ ಬಂದಾಗ ಒಂದು ಹೆಜ್ಜೆ ಮುಂದೆ ಬಂದು ನೋಡುತ್ತಿದ್ದರು. ನಮ್ಮ ಗಂಜ್, ಡೆನ್ನಿಸ್ ತಮ್ಮ ಹಿಂದಿನ ಕೋಣೆಯಲ್ಲಿ ಕಟ್ಟಿದ್ದ ರೈಲು ಸರಕು ಅಂಗಳದ ಪಕ್ಕದಲ್ಲೇ ಇತ್ತು. ಜನ ಬಗ್ಗಿ ನೋಡಿ, ಆ ಚೀಲಗಳಲ್ಲಿ ಏನಿದೆ ಎಂದು ಕೇಳುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುವುದರೊಳಗೆ ಅತ್ತೆ "ತೊಗರಿ! ತೊಗರಿ!" ಎನ್ನುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಯಾರ್ಕ್‌ಷೈರಿನ ಒಂದಿಷ್ಟು ಜನಕ್ಕೆ ತೊಗರಿ ಎಂಬ ಶಬ್ದ ಬಂದಿತ್ತು.

ನಾನು ಚಹಾ ತರಲು ಹೋದಾಗ ಓಡಿಸುವ ಗುಂಡಿಯನ್ನು ಅತ್ತೆಯ ಕೈಗೆ ಕೊಟ್ಟಿದ್ದೆ. ಬಂದು ನೋಡಿದರೆ ಆಟದ ನಿಯಮ ಮೂಲೆಗೆ ಸೇರಿತ್ತು. ಚೀಟಿಯಲ್ಲಿ ಬರೆದ ಕ್ರಮ ಬಿಟ್ಟು ತೊಗರಿಯ ವ್ಯಾಗನನ್ನೇ ಎಲ್ಲಕ್ಕಿಂತ ಮುಂದೆ ನಿಲ್ಲಿಸಿದ್ದರು.

"ಇದು ಹಿಂಗಲ್ಲರಿ ಅತ್ತಿ, ಉದ್ದು ಮೊದಲ ಬರಬೇಕು."

"ಉದ್ದಿನ ರಾಶಿ ಮುಗೀತು, ಇನ್ನ ತೊಗರಿ ಹಂಗಾಮ. ಉದ್ದು ಎಲ್ಲಿಂದ ಬರ್ತದ?" ಎಂದರು. ಸುತ್ತ ನಿಂತವರಿಗೆ ಮಾತು ತಿಳಿಯದಿದ್ದರೂ ನನ್ನ ಸೋಲು ತಿಳಿಯಿತು. ಚಪ್ಪಾಳೆ ತಟ್ಟಿದರು.

ಡೆನ್ನಿಸ್ ಮಾತ್ರ ತಮ್ಮ ಎಂಜಿನ್ನಿನ ಹಿಂದೆ ಸುಮ್ಮನೆ ನಿಂತಿದ್ದರು. ಬಂದವರೆಲ್ಲ ಅದರ ಮೈಮೇಲಿನ ಗೆರೆಗಳನ್ನು ಮೆಚ್ಚಿದರು. ಅವರು ನನ್ನನ್ನು ತೋರಿಸಿದರು. ಓಡಿಸಿ ತೋರಿಸಿ ಎಂದರೆ ಕೈ ಜೇಬಿಗೆ ಹೋಗುತ್ತಿತ್ತು. ನಾನು ಓಡಿಸಲೆ ಎಂದು ಕೇಳಿದೆ. "ಬೇಡ," ಎಂದರು. ಸಂಜೆ ಜನ ಕಡಿಮೆಯಾದ ಮೇಲೆ ಕೈ ಹೊರಗೆ ತೆಗೆದು ಗುಂಡಿಯ ಮೇಲಿಟ್ಟರು. ಕೈ ನಡುಗಿತು, ಎಂಜಿನ್ ತಟ್ಟನೆ ಮುಂದೆ ಹಾರಿ ನಿಂತಿತು. ಮತ್ತೆ ಹಾರಿತು, ಮತ್ತೆ ನಿಂತಿತು. ನೋಡುತ್ತಿದ್ದವರು ಕದಲಲಿಲ್ಲ, ಹೀಗೆ ಮಾಡಿ ಹಾಗೆ ಮಾಡಿ ಎಂದು ಒಬ್ಬರೂ ಅನ್ನಲಿಲ್ಲ. ನಮ್ಮಲ್ಲಾದರೆ ಇಷ್ಟೊತ್ತಿಗೆ ನಾಲ್ಕು ಕೈ ಮುಂದೆ ಬರುತ್ತಿದ್ದವು. ಆ ಜನರ ಸುಮ್ಮನಿರುವ ಗುಣವನ್ನು ಮೊದಲ ಸಲ ಮನಸಾರೆ ಮೆಚ್ಚಿದೆ.

ಡೆನ್ನಿಸ್ ಕಣ್ಣು ಮುಚ್ಚಿದರು. ಮೋಟಾರಿನ ಸದ್ದು ಕೇಳುತ್ತಿದ್ದಾರೆ ಎಂದು ಆಮೇಲೆ ಅರ್ಥವಾಯಿತು. ಸದ್ದು ಏರಿದರೆ ಬೆರಳು ಸಡಿಲಿಸುತ್ತಿದ್ದರು, ಇಳಿದರೆ ಒತ್ತುತ್ತಿದ್ದರು. ಎಂಜಿನ್ ಕುಂಟುತ್ತ ಕುಂಟುತ್ತ ಹೋಗಿ ಕವಲಿನಲ್ಲಿ ನಿಂತ ವ್ಯಾಗನನ್ನು ಮುಟ್ಟಿತು. ಟಿಕ್ ಎಂದಿತು. ಅಲ್ಲಿಂದ ಅದನ್ನು ತಳ್ಳಿಕೊಂಡು, ನಿಧಾನವಾಗಿ, ಗೋದಾಮಿನ ಬಾಗಿಲಿನವರೆಗೆ ಮುಟ್ಟಿಸಿದರು. ಒಂದೇ ವ್ಯಾಗನ್. ಆಟದ ಲೆಕ್ಕದಲ್ಲಿ ಅದು ಏನೂ ಅಲ್ಲ. ಅವರು ಕಣ್ಣು ತೆರೆದು, ಗಾಲಿಗಳ ಮೇಲೆ ಹಳಿಯ ಹೊಸ ಗುರುತು ಮೂಡಿದೆಯೇ ಎಂದು ಬಗ್ಗಿ ನೋಡಿದರು.

ನಾವು ಹೊರಡುವ ದಿನ ಎಂಜಿನ್ ಕಪಾಟಿಗೆ ಮರಳದೆ ಹಿಂದಿನ ಕೋಣೆಯ ಹಳಿಯ ಮೇಲೇ ಇತ್ತು.

ಭಾಲ್ಕಿ

ಬಂದ ಮೇಲೆ ಅತ್ತೆಯನ್ನು ಅವರ ತಮ್ಮನ ಮನೆಗೆ ಕರೆದುಕೊಂಡು ಹೋಗಿದ್ದೆ. ಮರಳುವಾಗ ಭಾಲ್ಕಿ ಸ್ಟೇಷನ್ನಿನಲ್ಲಿ ಬೀದರದ ಗಾಡಿ ತಡವಾಗಿತ್ತು. ಅತ್ತೆ ಪಕ್ಕದಲ್ಲಿ ಕೂತ ಹೆಂಗಸಿಗೆ ರಸ್ತೆಯ ಮೇಲಿನ ದನ, ಗೇಟಿನ ಹೊರಗಿನ ಸೇಬು ಎಲ್ಲ ಹೇಳಿ ಮುಗಿಸಿದ್ದರು. ಆಗ ನನ್ನ ಫೋನಿನಲ್ಲಿ ಡೆನ್ನಿಸ್ ಮುಖ ಬಂತು. ಚಳಿಗಾಲ ಕಳೆಯಲು ಎಲ್ಲಿಗಾದರೂ ಹೋಗು ಎಂದು ಡಾಕ್ಟರು ಹೇಳಿದ್ದಾರಂತೆ. ಬೀದರ ಹೇಗೆ ಎಂದು ಕೇಳಿದರು.

ನಾನು ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು, "ಇಲ್ಲಿ ಉಗಿ ಎಂಜಿನ್ ಈಗ ಇಲ್ಲ ಡೆನ್ನಿಸ್. ಯಾವತ್ತೋ ಹೋದವು," ಅಂದೆ.

"ಇರಲಿ," ಎಂದರು. "ಕೂತುಕೊಳ್ಳಲು ಜಾಗ ಇದೆಯೆ ಅಂತ ಅವರನ್ನು ಕೇಳಿ."

ಕೇಳಿದೆ. ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಒಮ್ಮೆ ತಿರುಗಿಸಿ ತೋರಿಸಿದರು. ಆಮೇಲೆ ಮುಖದ ಹತ್ತಿರ ಹಿಡಿದು ಗಟ್ಟಿಯಾಗಿ ಹೇಳಿದರು:

"ಬೆಂಚ ಅದ, ಬೇವಿನ ಗಿಡದ ನೆಳ್ಳ ಅದ. ಗಾಡಿ ಭಾಳ ಲೇಟ್ ಬರ್ತಾವ, ಪುರಸೊತ್ತಿಲೆ ಕೂಡಲಕ್ಕ ಬರ್ತದ. ಬರ್ರಿ ದೇನಸಣ್ಣ."